ಟಾರ್ಬೆಲ್ ಮೇಷ್ಟ್ರ ಕೊನೆಯ ಮಟ್ಟು

ಆ ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಳೆ ಜೋರು ಹಿಡಿದಿತ್ತು. ನವೆಂಬರಿನ ಮಳೆ, ಅರ್ಧ ನೀರು ಅರ್ಧ ಹಿಮ. ನಮ್ಮ ಆಶ್ವಿಕ್ ಊರಿನಲ್ಲಿ ಪ್ರಾರ್ಥನೆ ನಡೆಯುವ ಸಭಾಮನೆಗೆ ಒಂದು ಕಬ್ಬಿಣದ ಒಲೆ ಹಾಕಿಸಬೇಕೋ ಬೇಡವೋ ಎಂದು ಹಿರಿಯರು ಇಪ್ಪತ್ತು ವರ್ಷದಿಂದ ಜಗಳವಾಡುತ್ತ ಬಂದಿದ್ದರು. ಜಗಳ ಬಿಸಿಯಾಗಿತ್ತು, ಸಭಾಮನೆ ಮಾತ್ರ ತಣ್ಣಗೇ ಇತ್ತು. ಹಾಗಾಗಿ ಬೆಳಗಿನ ಪ್ರಾರ್ಥನೆಗೂ ಮಧ್ಯಾಹ್ನದ ಪ್ರಾರ್ಥನೆಗೂ ನಡುವಿನ ಒಂದು ಗಂಟೆ, ದೂರದ ಹೊಲಮನೆಗಳಿಂದ ಬಂದವರು ಅದರ ಹಿಂಬದಿಯ ಒಂಟಿ ಕೋಣೆಯ ಮನೆಗೆ ಓಡಿ, ಬೆಂಕಿಯ ಮುಂದೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅದನ್ನು ಮಧ್ಯಾಹ್ನದ ಮನೆ ಎಂದೇ ಕರೆಯುತ್ತಿದ್ದೆವು.

ಮಳೆಗೆ ಹೆದರಿ ಅರ್ಧ ಊರು ಬಂದಿರಲಿಲ್ಲ. ಬೆಂಕಿಯ ಮುಂದೆ ಇದ್ದವರು ನಾವು ನಾಲ್ಕೇ ಜನ. ದೊಡ್ಡ ಪಿಟೀಲು ನುಡಿಸುವ ರಾಸ್ವೆಲ್ ಪೀಸ್, ಅವನ ಹೆಂಡತಿ ಡ್ರುಸಿಲಾ, ಹತ್ತೊಂಬತ್ತು ವರ್ಷದ ನಾನು, ಮತ್ತು ಟ್ಯಾಮ್ಸಿನ್ ಅಜ್ಜಿ. ಮೊದಲ ಮೂವರೂ ಸಭಾಮನೆಯ ಮೇಲಿನ ಅಟ್ಟದಲ್ಲಿ ನಿಂತು ಹಾಡುವ ಮೇಳದವರು. ಅಜ್ಜಿಗೆ ಎಪ್ಪತ್ತು ತುಂಬಿತ್ತು. ಮಣ್ಣಿನ ಹೊಗೆಸೊಪ್ಪಿನ ಕೊಳವೆ ಸೇದುತ್ತ, ಊರಿನ ಯಾರನ್ನು ಬೇಕಾದರೂ ಮುಖಕ್ಕೆ ಹೊಡೆದಂತೆ ಬೈಯುತ್ತಿದ್ದ ಅವರು ಪ್ರಾರ್ಥನೆಯಲ್ಲಿ ಮಾತ್ರ ಒಮ್ಮೆಯೂ ಬಾಯಿ ತೆರೆದು ಹಾಡಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಹೊಸ ಪಾದ್ರಿಗಳಿಗೆ ಅದು ಕಣ್ಣಿಗೆ ಬಿದ್ದಿತ್ತು. ಅವತ್ತು ಬೆಳಿಗ್ಗೆ ಬೋಧನೆಯ ನಡುವೆ ಅಜ್ಜಿಯ ಕಡೆಗೇ ನೋಡಿಕೊಂಡು, ದೇವರು ಕೊಟ್ಟ ದನಿಯನ್ನು ಬಚ್ಚಿಡುವುದು ಕಳ್ಳತನಕ್ಕೆ ಸಮ ಎಂದುಬಿಟ್ಟಿದ್ದರು.

"ಏನಜ್ಜಿ, ಪಾದ್ರಿಗಳು ಇವತ್ತು ನಿಮಗೇ ಗುರಿಯಿಟ್ಟು ಹೊಡೆದರಲ್ಲ!" ಎಂದು ರಾಸ್ವೆಲ್ ಕೆಣಕಿದ.

"ಅವನಾ? ಹಾಲುಹಲ್ಲು ಉದುರಿ ಇನ್ನೂ ಮೂರು ದಿನ ಆಗಿಲ್ಲ" ಎಂದರು ಅಜ್ಜಿ.

"ಅಲ್ಲ ಅಜ್ಜಿ, ನೀವು ಟಾರ್ಬೆಲ್ ಮೇಷ್ಟ್ರ ಶಿಷ್ಯೆ ಅಂತೆ. ಒಬ್ಬರ ಹಿಂದೆ ಒಬ್ಬರು ಓಡೋ ಹಾಡು ಕಟ್ತಿದ್ದರಲ್ಲ, ನಾಯಿ ತನ್ನ ಬಾಲ ಹಿಡಿಯೋಕೆ ಹೋದ ಹಾಗೆ... ಆ ಮೇಷ್ಟ್ರೇ ಬಾಯಿಗೆ ಬೀಗ ಹಾಕಿ ಕೀಲಿಕೈ ತಗೊಂಡು ಹೋದರೋ ಹೇಗೆ?"

ಡ್ರುಸಿಲಾ ಗಂಡನ ತೊಡೆಗೆ ಚಿವುಟಿದಳು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಕೊಳವೆಯನ್ನು ಬೆಂಕಿಗೂಡಿನ ಕಟ್ಟೆಯ ಮೇಲಿಟ್ಟು ಬಾಗಿಲ ಕಡೆ ನೋಡಿದರು. ಅಲ್ಲಿಂದ ಹತ್ತು ಹೆಜ್ಜೆಗೆ ಸಭಾಮನೆಯ ಹಿಂಗೋಡೆ.

"ಬಾಗಿಲು ಗಟ್ಟಿಯಾಗಿ ಹಾಕು ರಾಸ್ವೆಲ್. ಕೇಳ್ಬೇಕು ಅಂತ ಕೇಳಿದೀಯ. ಇವತ್ತು ಹೇಳಿಬಿಡ್ತೀನಿ. ಇನ್ನು ಮುಚ್ಚಿಟ್ಟು ಯಾರಿಗೂ ಉಪಕಾರ ಇಲ್ಲ."

ಹಾಗೆಂದು ಅವರು ಹೇಳಿದ್ದನ್ನು, ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಜಾಬೆಜ್ ಟಾರ್ಬೆಲ್ ಅಂದ್ರೆ ನಿಮಗೆಲ್ಲ ಈಗ ನಗು. ನಗ್ರಪ್ಪ, ಬೇಡ ಅಂದೋರು ಯಾರು? ಆ ಮನುಷ್ಯ ಪೀಪಾಯಿ ಕಟ್ಟೋರು. ಬೇಸಿಗೆ ಪೂರ್ತಿ ಓಕ್ ಹಲಗೆ ಬಗ್ಗಿಸಿ, ಪಟ್ಟಿ ಬಿಗಿದು, ಸೇಬಿನ ಸೈಡರಿಗೆ, ಕಾಕಂಬಿಗೆ, ಉಪ್ಪುಮೀನಿಗೆ ಪೀಪಾಯಿ ಮಾಡೋರು. ಚಳಿಗಾಲ ಬಂತು ಅಂದ್ರೆ ಸುತ್ತೂರಲ್ಲೆಲ್ಲ ಹಾಡಿನ ಶಾಲೆ ನಡೆಸೋರು. ಯಾರ ಹತ್ರ ಕಲಿತ್ರು ಅಂತೀರಾ? ಯಾರ ಹತ್ರಾನೂ ಇಲ್ಲ! ಹರಕು ಕೀರ್ತನೆ ಪುಸ್ತಕದ ಹಿಂದೆ ನಾಲ್ಕು ಪುಟ ಸ್ವರದ ಪಾಠ ಇತ್ತಂತೆ, ಅದೇ ಗುರು ಅದೇ ದೇವರು. ಮಟ್ಟು ಹೊಳೀತು ಅಂದ್ರೆ ಸಾಕು, ಇದ್ದಿಲು ತಗೊಂಡು ಕೈಗೆ ಸಿಕ್ಕಿದ ಪೀಪಾಯಿ ಮುಚ್ಚಳದ ಮೇಲೆ ಬರೆದುಬಿಡೋರು... ಕಾಗದಕ್ಕೆ ಇಳಿಸೋದು ಮರೆತು, ಆ ಪೀಪಾಯಿ ಬೋಸ್ಟನ್ನಿಗೆ ಹೋಗಿ ಹಡಗು ಹತ್ತಿಬಿಡೋದು. "ನನ್ನ ಅರ್ಧ ಮಟ್ಟು ಸಮುದ್ರದ ಮೇಲಿದೆ ಕಣೇ" ಅಂತ ಹೊಟ್ಟೆ ಹಿಡ್ಕೊಂಡು ನಗೋರು. ಮಿಕ್ಕ ಅರ್ಧ ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿಸಿದ್ರು. ಅಚ್ಚಿನೋನು ಎರಡು ಪುಟ ತಲೆಕೆಳಗೆ ಹೊಲಿದಿದ್ದ. ಅದಕ್ಕೂ ನಕ್ಕರು.

ಮಟ್ಟಿಗೆ ಊರಿನ ಹೆಸರಿಡೋದು ನಮ್ಮಲ್ಲಿ ಪದ್ಧತಿ ಅಲ್ವಾ? ಸುತ್ತ ಇರೋ ಇಪ್ಪತ್ತು ಊರಿನ ಹೆಸರಲ್ಲಿ ಮೇಷ್ಟ್ರು ಮಟ್ಟು ಕಟ್ಟಿದ್ರು, ಕೆಸರು ತುಂಬಿದ ಹೊಳೆದಂಡೆ ಊರಿಗೂ ಒಂದಿತ್ತು. ನಮ್ಮೂರ ಹೆಸರಲ್ಲಿ ಮಾತ್ರ ಇಲ್ಲ. "ಉಂಡಿದ್ದು ನಮ್ಮನೇಲಿ, ಹಾಡಿದ್ದು ಪಕ್ಕದ ಮನೇದು" ಅಂತ ಜನ ಹಂಗಿಸೋರು. ಆಗೆಲ್ಲ ಮೇಷ್ಟ್ರು ಒಂದೇ ಮಾತು: "ಆಶ್ವಿಕ್‌ಗೆ ತಕ್ಕದ್ದು ಇನ್ನೂ ಬಂದಿಲ್ಲ. ಬಂದಾಗ ನೀವೇ ತಡ್ಕೊಳ್ಳೋಕಾಗಲ್ಲ."

ನನಗೆ ಹದಿನಾಲ್ಕು ತುಂಬಿದ ಚಳಿಗಾಲ ಅದು ಬಂತು.

ಹಾಡಿನ ಶಾಲೆ ಅಂದ್ರೆ ನಮಗೆ ಏನು ಗೊತ್ತಾ? ಏಳು ತಿಂಗಳು ಹಸು, ಹುಲ್ಲು, ನೂಲು. ಚಳಿಗಾಲದಲ್ಲಿ ವಾರಕ್ಕೆ ಮೂರು ಸಂಜೆ, ಹುಡುಗರು ಹುಡುಗಿಯರು ಒಂದೇ ಕೋಣೇಲಿ, ಬಾಗಿಲು ಕಿಟಕಿ ಮುಚ್ಚಿ, ಮೊಣಕೈಗೆ ಮೊಣಕೈ ತಾಗಿಸಿ ಕೂತು ಗಂಟಲು ಬಿಚ್ಚಿ ಹಾಡೋದು. ಸ್ವರ್ಗ! ದನಿಗೊಂದು ಬೆಂಚು. ಮಂದ್ರದ ಬೆಂಚಲ್ಲಿ ನನ್ನ ಅಣ್ಣ ಇಥಮಾರ್, ಹದಿನೆಂಟು ವರ್ಷದ ಹುಡುಗ, ದನಿ ಮಾತ್ರ ಬಾವಿಯಿಂದ ಬಂದ ಹಾಗೆ. ನಡುದನಿ ಬೆಂಚು. ಮೇಲುದನಿ ಬೆಂಚಲ್ಲಿ ಮೇಷ್ಟ್ರ ಒಬ್ಬಳೇ ಮಗಳು ಆಕ್ಸಾ. ನನ್ನ ಜೀವದ ಗೆಳತಿ ಅವಳು, ನಮ್ಮಣ್ಣನ ಕಡೆ ಕದ್ದು ನೋಡೋಳು, ನಾನು ಕಂಡರೆ ಕಾಲು ತುಳಿಯೋಳು. ಎಲ್ಲಕ್ಕಿಂತ ಮೇಲೆ ತಾರದ ಬೆಂಚು. ಅಲ್ಲಿ ನಾನು, ಇನ್ನಿಬ್ಬರು. ತಾರದ ಮೊದಲ ಜಾಗ ನಂದು. ಅದರ ಜಂಭ ಇತ್ತಲ್ಲ... ಅಯ್ಯೋ, ಅದನ್ನ ನೆನೆಸ್ಕೊಂಡ್ರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು ಅನ್ಸುತ್ತೆ.

ಮೇಷ್ಟ್ರ ಶಾಲೇಲಿ ಒಂದು ಕಟ್ಟಳೆ. ಮೊದಲು ಸ್ವರ, ಆಮೇಲೆ ಹಾಡಿನ ಮಾತು. ಫಾ ಸೋಲ್ ಲಾ ಮೀ, ನಾಲ್ಕೇ ಅಕ್ಷರದಲ್ಲಿ ಇಡೀ ಮಟ್ಟು ಹಾಡ್ಬೇಕು. ನಾಲ್ಕು ಬೆಂಚಲ್ಲೂ ಒಂದೇ ಒಂದು ತಪ್ಪು ಇಲ್ಲದ ಹಾಗೆ ಬರಬೇಕು. ಅಲ್ಲಿ ತನಕ ಕೀರ್ತನೆಯ ಒಂದು ಮಾತೂ ಕೊಡ್ತಿರಲಿಲ್ಲ. ಸ್ವರ ಗಟ್ಟಿಯಾದ ಮೇಲೆ ಮೇಷ್ಟ್ರು ಎದ್ದು ನಿಂತು, ಕೋಟಿನ ಜೇಬಿಂದ ಚೀಟಿ ತೆಗೆದು ಮಾತು ಓದೋರು. ಆ ಗಳಿಗೆ ಇದೆಯಲ್ಲ, ವಾರಗಟ್ಟಲೆ ಫಾ ಸೋಲ್ ಅಂದವರಿಗೆ ಮೊದಲ ಸಲ ಮಾತು ಕಿವಿಗೆ ಬೀಳೋದು... ಕೆಲವರು ಅತ್ತುಬಿಡೋರು.

ಜನವರಿ ಕೊನೇಲಿ ಮೇಷ್ಟ್ರು ಬಂದು, ಏನೂ ಪೀಠಿಕೆ ಇಲ್ಲದೆ, ಹೊಸ ಮಟ್ಟನ್ನ ಗೋಡೆ ಹಲಗೆ ಮೇಲೆ ಬರೆದ್ರು. ಮೇಲ್ಗಡೆ 'ಆಶ್ವಿಕ್' ಅಂತ ಹೆಸರು. ಬೆನ್ನಟ್ಟೋ ಮಟ್ಟು ಅದು. ಮಂದ್ರದವರು ಮೊದಲು ಒಬ್ಬರೇ ಹೊರಡ್ತಾರೆ, ನಾಲ್ಕು ತಾಳಕ್ಕೆ ನಡುದನಿ ಅವರ ಬೆನ್ನು ಹತ್ತುತ್ತೆ, ಮತ್ತೆ ನಾಲ್ಕಕ್ಕೆ ಮೇಲುದನಿ, ಕಡೇಗೆ ನಾಲ್ಕು ತಾಳ ಬಿಟ್ಟು ತಾರ. ತಾರ ಬಂದು ಹಿಡೀಲಿಲ್ಲ ಅಂದ್ರೆ ಕೆಳಗಿನ ಮೂರೂ ನಡುನೀರಲ್ಲಿ ನಿಂತ ಹಾಗೆ. ಮೊದಲ ದಿನ, ತಪ್ಪು ತಪ್ಪಾಗಿಯೇ ಹಾಡಿ ಮುಗಿಸಿದ್ವಿ. ಇಥಮಾರ್ ತನ್ನ ಟೋಪಿ ತೆಗೆದು ಮಂಡಿ ಮೇಲೆ ಇಟ್ಕೊಂಡ. ಮನೆ ಒಳಗೆ ಯಾರೋ ದೊಡ್ಡವರು ಬಂದ ಹಾಗೆ ಆಗಿತ್ತು.

ಫೆಬ್ರವರಿ ಎರಡನೇ ವಾರ ಹೊಳೆ ಆಚೆ ಗಂಟಲಮಾರಿ ಶುರುವಾಯ್ತು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ, ಮೂರೇ ದಿನಕ್ಕೆ ಉಸಿರು ಕಟ್ಟಿ ಹೋಗೋ ಕಾಯಿಲೆ. ನೀವು ನೋಡಿಲ್ಲ, ನೋಡೋದೂ ಬೇಡ. ತಾರದ ಬೆಂಚಿನ ಇನ್ನಿಬ್ಬರನ್ನ ಅವರ ತಾಯಂದಿರು ಮನೇಲಿ ಕೂರಿಸಿಕೊಂಡ್ರು. ಹಳೇ ಪಾದ್ರಿಗಳು ಬಂದು "ಜಾಬೆಜ್, ಶಾಲೆ ನಿಲ್ಸಪ್ಪ" ಅಂದ್ರು. ಮೇಷ್ಟ್ರು, "ಇನ್ನೊಂದೇ ವಾರ. ಸ್ವರ ಕೂರ್ತಾ ಇದೆ, ಮಾತು ಕೊಟ್ಟು ನಿಲ್ಲಿಸಿಬಿಡ್ತೀನಿ" ಅಂದ್ರು. ಶಾಲೆ ಮುಗಿಯೋ ದಿನ ಸುತ್ತೂರಿನವರೆಲ್ಲ ಕೇಳೋಕೆ ಬರೋರಿದ್ರು. ನಾವೂ ಬಿಡಬೇಡಿ ಅಂತ ಗೋಗರೆದ್ವಿ. ಯಾರನ್ನ ಬೈಯೋಣ ಹೇಳಿ?

ಆ ವಾರ ಎಲ್ಲ ಏನಾಗೋದು ಅಂದ್ರೆ, ಸ್ವರ ಚೆನ್ನಾಗಿಯೇ ಬರೋದು. ನಮಗೇ ಗೊತ್ತಾಗೋದು, ಬಂತು ಅಂತ. ಮೇಷ್ಟ್ರು ಮಾತ್ರ ಏನೋ ಒಂದು ಕೊಂಕು ತೆಗೆದು "ಇನ್ನೊಂದ್ಸಲ" ಅನ್ನೋರು. ಮುಂದಿನ ಮೇಜಿನ ಮೇಲೆ ಅಂಗೈಲಿ ತಾಳ ಬಡಿದು, "ಇನ್ನೊಂದ್ಸಲ, ಮೊದಲಿಂದ." ಆಕ್ಸಾ ಸಿಟ್ಟಾಗಿ "ಅಪ್ಪಾ, ಇನ್ನೇನು ತಪ್ಪಿದೆ?" ಅಂದಳು. ಮೇಷ್ಟ್ರು ಅವಳ ಮುಖಾನೇ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಎದ್ದಾಗ ನನ್ನ ಗಂಟಲು ನೋಯ್ತಿತ್ತು.

ಹೇಳಿದ್ರೆ ಅಮ್ಮ ಕಳಿಸ್ತಿರಲಿಲ್ಲ. ನಾನು ಹೋಗದಿದ್ರೆ ತಾರದ ಬೆಂಚು ಖಾಲಿ, ಮಟ್ಟು ನಿಲ್ಲಲ್ಲ. ಅಥವಾ... ಇನ್ನೂ ಕೆಟ್ಟದ್ದು... ನನ್ನ ಜಾಗಕ್ಕೆ ಬೇರೆ ಯಾರನ್ನೋ ಹಾಕ್ತಾರೆ. ನಾನು ಕಾಕಂಬಿ ನೆಕ್ಕಿ, ಕತ್ತಿಗೆ ಉಣ್ಣೆ ಬಟ್ಟೆ ಸುತ್ಕೊಂಡು ಹೋದೆ. ಬುಧವಾರ ಹಾಡಿದೆ. ಶುಕ್ರವಾರವೂ ಹಾಡಿದೆ. ಬಾಯಿ ಇಷ್ಟಗಲ ತೆರೆದು, ಮುಚ್ಚಿದ ಕೋಣೇಲಿ, ಎಲ್ಲರ ಮುಖದ ಮೇಲೆ ಹಾಡಿದೆ. ನಡುವೆ ಒಂದು ಕಡೆ ನನ್ನ ದನಿ ಒಡೀತು. ಮೇಷ್ಟ್ರು ತಲೆ ಎತ್ತಿ ನನ್ನ ನೋಡಿದ್ರು. ಆಮೇಲೆ ಮತ್ತೆ ತಾಳ ಹಾಕಿದ್ರು.

ನಾನು ಬದುಕಿದೆ. ಶಾಲೆಯ ಹದಿನೇಳು ಜನರಲ್ಲಿ ಒಂಬತ್ತು ಜನ ಹೋದ್ರು. ಇಥಮಾರ್ ಹೋದ. ಆಕ್ಸಾ ಹೋದಳು. ಸಮಾಧಿ ಹತ್ತಿರ ಹಾಡೋದು ನಮ್ಮ ಪದ್ಧತಿ, ಹಾಡೋರೇ ಇರಲಿಲ್ಲ. ಮಗಳ ಗುಂಡಿ ಮುಂದೆ ಮೇಷ್ಟ್ರು ಒಬ್ಬರೇ ನಿಂತು, ಯಾರೂ ಹಾಡದೆ, ಬರೀ ಕೈಯಲ್ಲಿ ತಾಳ ಹಾಕಿದ್ರು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಅದನ್ನ ನೋಡಿ ನಮ್ಮಮ್ಮ ಗಟ್ಟಿಯಾಗಿ ಅತ್ತರು.

ಇಲ್ಲಿ ತನಕ ಕಾಯಿಲೆ ಕತೆ. ಇನ್ನು ಮುಂದಿನದು ಕೇಳಿ.

ಏಪ್ರಿಲಿನ ಮೊದಲ ಭಾನುವಾರ, ಹೀಗೇ ಮಳೆ. ಇದೇ ಮಧ್ಯಾಹ್ನದ ಮನೇಲಿ ಜನ ಉಣ್ತಿದ್ರು. ಚಳಿಗೆ ಕಾಲು ಕಾಯಿಸ್ಕೊಳ್ಳೋ ನನ್ನ ಕೆಂಡದ ಡಬ್ಬಿ ಬೆಂಚಿನ ಕೆಳಗೇ ಬಿಟ್ಟಿದ್ದೆ. ತರೋಣ ಅಂತ ಸಭಾಮನೆಗೆ ಹೋದೆ. ಒಳಗೆ ಒಂದು ಹುಳವೂ ಇಲ್ಲ. ಭಾನುವಾರ ನಾವೆಲ್ಲ ಬೆಂಚು ಬೆಂಚಾಗಿ ಕೂತು ಹಾಡ್ತಿದ್ದ ಅಟ್ಟ ಬೇರೆ ಆ ಚಳಿಗಾಲದಿಂದ ಖಾಲಿ. ಬಗ್ಗಿ ಡಬ್ಬಿ ತಗೊಂಡೆ ನೋಡಿ... ಮೇಲಿಂದ ಮಂದ್ರ ಹೊರಡ್ತು. "ಫಾ... ಲಾ ಸೋಲ್ ಫಾ..." ಅಣ್ಣನ ದನಿ ನನಗೆ ಗೊತ್ತಾಗಲ್ವಾ? ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ದನಿ! ನಾಲ್ಕು ತಾಳಕ್ಕೆ ನಡುದನಿಯವರು ಸೇರಿದ್ರು. ಮತ್ತೆ ನಾಲ್ಕಕ್ಕೆ ಆಕ್ಸಾ ಬಂದಳು, ಹಾಗೇ, ಮೂಗಿನ ತುದಿಯಿಂದ ಸ್ವಲ್ಪ ನಗ್ತಾ. ಹೆದರಿಕೆ ಆಗಲಿಲ್ಲ ಕಣ್ರೇ. ದೇವರಾಣೆ ಆಗಲಿಲ್ಲ. ಅಯ್ಯೋ ಬಂದುಬಿಟ್ರಲ್ಲ ಅಂತ ಎದೆ ತುಂಬಿ ಬಂತು. ಆಮೇಲೆ ತಾರದ ಜಾಗ ಬಂತು. ಎಲ್ಲ ದನಿಯೂ ನಿಂತ್ಕೊಂತು. ಒಂದು... ಎರಡು... ಮೂರು... ನಾಲ್ಕು. ಯಾರೂ ಹಿಡೀಲಿಲ್ಲ. ಮತ್ತೆ ಮೊದಲಿಂದ ಮಂದ್ರ ಶುರುವಾಯ್ತು.

ಯಾರಿಗೆ ಕಾಯ್ತಿದ್ರು ಅಂತ ನಾನು ಹೇಳ್ಬೇಕಾ?

ಎರಡನೇ ಸಲ ನನ್ನ ಜಾಗ ಬಂದಾಗ ಬಾಯಿ ತಾನಾಗೇ ತೆರೀತು. ಉಸಿರು ಎಳ್ಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ಇದ್ದಿಲು, ಓಕ್ ಹೊಟ್ಟಿನ ವಾಸನೆ. ಮೇಷ್ಟ್ರು! ಕಂಬದ ಮರೇಲಿ ಕೂತಿದ್ರು. ಮೂರು ಭಾನುವಾರದಿಂದ ಅಲ್ಲೇ ಕೂತು ಕೇಳ್ತಿದ್ರಂತೆ.

"ಸೇರಬೇಡ" ಅಂದ್ರು ಕಿವೀಲಿ. "ನಿನಗೆ ಕೈ ಮುಗೀತೀನಿ, ಸೇರಬೇಡ."

"ಯಾಕೆ ಮೇಷ್ಟ್ರೇ? ಅವರು ಕಾಯ್ತಿದ್ದಾರೆ..."

"ನೀನು ಸೇರಿದ್ರೆ ಸ್ವರ ಪೂರ್ತಿ ಆಗುತ್ತೆ. ಪೂರ್ತಿ ಆದ್ರೆ ಮಾತು ಕೇಳ್ತಾರೆ."

"ಕೊಡಿ ಮತ್ತೆ! ಜೇಬಲ್ಲಿದೆಯಲ್ಲ."

ಮೇಷ್ಟ್ರು ಕೋಟಿನ ಜೇಬಿಂದ ಚೀಟಿ ತೆಗೆದು ನನ್ನ ಕೈಗಿಟ್ರು. ಬಿಚ್ಚಿ ನೋಡಿದೆ. ಬಿಳಿ ಕಾಗದ. ಒಂದಕ್ಷರ ಇರಲಿಲ್ಲ.

"ಮಾತು ಸಿಗಲೇ ಇಲ್ಲ ಟ್ಯಾಮ್ಸಿನ್. ಬೈಬಲಿನ ನೂರೈವತ್ತು ಕೀರ್ತನೇನೂ ಹುಡುಕಿದೆ, ಒಂದೂ ಕೂರಲ್ಲ. ಸಾಲಿಗೆ ಎರಡು ಸ್ವರ ಹೆಚ್ಚಿಗೆ ಬಂದಿದೆ, ಕಿತ್ತರೆ ಮಟ್ಟು ಸಾಯುತ್ತೆ. ನಾನೇ ಬರೆಯೋಣ ಅಂತ ಕೂತೆ. ಬರಲಿಲ್ಲ. ಇವತ್ತು ಸಿಗುತ್ತೆ, ನಾಳೆ ಸಿಗುತ್ತೆ ಅಂತ ಇಲ್ಲದ ತಪ್ಪು ಹೇಳಿ ಹೇಳಿ ನಿಮ್ಮನ್ನೆಲ್ಲ ಕೂರಿಸಿಕೊಂಡೆ. ಸ್ವರ ಆ ವಾರದ ಸೋಮವಾರವೇ ಸರಿ ಇತ್ತು."

ಕೇಳಿಸ್ತಾ ಮಕ್ಕಳೇ? ಸೋಮವಾರವೇ ಸರಿ ಇತ್ತು. ನಾವು ಅವತ್ತೇ ಮನೆಗೆ ಹೋಗಬಹುದಿತ್ತು.

ನನಗೂ ತಡೀಲಿಲ್ಲ. "ಮೇಷ್ಟ್ರೇ, ತಪ್ಪು ನಂದು, ಗಂಟಲು ನೋವು ಮುಚ್ಚಿಟ್ಟು ಬಂದೆ" ಅಂತ ಅವರ ಕಾಲ ಹತ್ರ ಕುಸಿದೆ. ಅವರು ಏನಂದ್ರು ಗೊತ್ತಾ? "ನನಗೆ ಗೊತ್ತಿತ್ತು ಮಗಳೇ. ನಿನ್ನ ದನಿ ಒಡೆದಾಗಲೇ ಗೊತ್ತಾಯ್ತು. ತಾರ ಇಲ್ಲದೆ ಹೋಗುತ್ತಲ್ಲ ಅಂತ ಸುಮ್ಮನಾದೆ." ಇಬ್ಬರೂ ಆ ಕಂಬದ ಮರೇಲಿ ಕೂತು ಅತ್ವಿ. ಮೇಲೆ ಅವರು ಹಾಡ್ತಾನೇ ಇದ್ರು.

"ಅವರಿಗೆ ಸತ್ತಿರೋದು ಗೊತ್ತಿಲ್ಲ" ಅಂದ್ರು ಮೇಷ್ಟ್ರು. "ಶಾಲೆ ನಡೀತಿದೆ, ತಾರದವಳು ತಡ ಮಾಡಿದ್ದಾಳೆ, ಬರ್ತಾಳೆ, ಆಮೇಲೆ ಅಪ್ಪ ಮಾತು ಕೊಡ್ತಾನೆ ಅಂದ್ಕೊಂಡಿದಾರೆ. ನೀನು ಬಾಯಿ ಮುಚ್ಚಿಕೊಂಡಿರೋ ತನಕ ಹಾಗೇ ಅಂದ್ಕೊಂಡಿರ್ತಾರೆ. ಅಷ್ಟರಲ್ಲಿ ನಾನು ಹೇಗಾದ್ರೂ ಮಾತು ಹುಡುಕ್ತೀನಿ."

ಹುಡುಕಿದ್ರಾ? ಹನ್ನೊಂದು ವರ್ಷ ಹುಡುಕಿದ್ರು. ಇನ್ನೊಂದು ಮಟ್ಟು ಕಟ್ಟಲಿಲ್ಲ. ಅಷ್ಟರಲ್ಲಿ ಬೋಸ್ಟನ್ನಿನಿಂದ ಹೊಸ ಪುಸ್ತಕ ಬಂತು, ಸಮುದ್ರದಾಚೆಯ ಪಂಡಿತರು ಕಟ್ಟಿದ ಮಟ್ಟುಗಳು, ಶಾಸ್ತ್ರಬದ್ಧ! ಹಿತ್ತಲ ಗಿಡ ಮದ್ದಲ್ಲ, ಅಲ್ವಾ? ಟಾರ್ಬೆಲ್ ಮಟ್ಟು ಒರಟು, ಅದರಲ್ಲಿ ಪೀಪಾಯಿ ಸದ್ದಿದೆ ಅಂತ ಸಭೆ ಸೇರಿ ಕೈ ಎತ್ತಿ ತೆಗೆದು ಹಾಕಿದ್ರು. ಅವರ ಪುಸ್ತಕದ ಹಾಳೆ ಬೆಣ್ಣೆ ಸುತ್ತೋಕೆ ಹೋಯ್ತು. ಅವತ್ತು ಅವರೂ ಸಭೆಯಲ್ಲಿದ್ರು, ತುಟಿ ಪಿಟಕ್ ಅನ್ನಲಿಲ್ಲ. ಅವರಿಗೆ ಬೇಕಾಗಿದ್ದು ಎಂಟು ಸಾಲು ಮಾತು, ಅಷ್ಟೇ. ಒಂದು ಮಾಗಿಯ ಬೆಳಿಗ್ಗೆ ಪೀಪಾಯಿ ಕೊಟ್ಟಿಗೇಲಿ ಸತ್ತು ಬಿದ್ದಿದ್ರು. ನಾನು ಹೋಗಿ ನೋಡಿದೆ. ಸುತ್ತ ಹಲಗೆ ಹಲಗೆ ಮೇಲೂ ಇದ್ದಿಲಲ್ಲಿ ಮಾತು ಬರೆದು ಗೀಚಿ ಹಾಕಿದ್ರು. ಒಂದು ಸಾಲನ್ನೂ ಉಳಿಸಿರಲಿಲ್ಲ.

ನಾನು ಏನಂದ್ಕೊಂಡೆ ಹೇಳಿ? ಹೋಗಲಿ, ಇನ್ನು ಅಪ್ಪ ಮೇಲೆ ಹೋಗಿ ಮಗಳಿಗೆ ನಿಜ ಹೇಳ್ತಾರೆ, ಶಾಲೆ ಬಿಡುತ್ತೆ, ಎಲ್ಲರೂ ಮಲಗ್ತಾರೆ ಅಂದ್ಕೊಂಡೆ. ಮುಂದಿನ ಭಾನುವಾರ ಮಧ್ಯಾಹ್ನ ಕಂಬದ ಹತ್ರ ಹೋಗಿ ನಿಂತೆ. ಮಂದ್ರ ಹೊರಡೋಕೆ ಮುಂಚೆ ಅಟ್ಟದ ಕಟಕಟೆ ಮೇಲೆ ಅಂಗೈ ಬಡಿದ ಸದ್ದು. ನಾಲ್ಕು ತಾಳ ಕಾದು, ಮೇಲಿಂದ ದನಿ ಬಂತು... "ಇನ್ನೊಂದ್ಸಲ. ಮೊದಲಿಂದ."

ಸತ್ತ ಮೇಲೂ ಹೇಳೋ ಧೈರ್ಯ ಬರಲಿಲ್ಲ ನೋಡಿ ಆ ಮನುಷ್ಯನಿಗೆ.

ಐವತ್ತಾರು ವರ್ಷ ಆಯ್ತು. ಒಂದು ಭ್ರಮೆ ಕಾಯೋಕೆ ನಾನು ಬಾಯಿ ಮುಚ್ಕೊಂಡಿದೀನಿ. ಪ್ರಾರ್ಥನೇಲಿ ಹಾಡಲಿಲ್ಲ. ಮನೇಲಿ ಹಾಡಲಿಲ್ಲ. ಎಲ್ಲಿ ಹಾಡಿದ್ರೂ ನನ್ನ ದನಿ ತನ್ನ ಬೆಂಚು ಹುಡ್ಕೊಂಡು ಹೋಗುತ್ತೆ ಅನ್ನೋ ಭಯ. ಮೂರು ಮಕ್ಕಳನ್ನ ಹೆತ್ತೆ, ಒಂದಕ್ಕೂ ಜೋಗುಳ ಹಾಡಲಿಲ್ಲ. ನಡುವಿನವಳು ಜ್ವರದಲ್ಲಿ "ಅಮ್ಮ, ಒಂದು ಹಾಡು" ಅಂದಳು. ಹಾಡಲಿಲ್ಲ. ಅವಳು ಹಾಗೇ ಹೋದಳು. ಈಗ ಹೇಳು ರಾಸ್ವೆಲ್, ಬೀಗದ ಕೀಲಿಕೈ ಯಾರ ಹತ್ರ ಇದೆ?

ರಾಸ್ವೆಲ್ ತಲೆ ತಗ್ಗಿಸಿದ. ಡ್ರುಸಿಲಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊರಗೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಏನಾದರೂ ಹೇಳಬೇಕೆಂದು ನಾನು, "ಅಜ್ಜಿ, ಈಗಲೂ ಕೇಳಿಸುತ್ತಾ? ನಾವು ಅದೇ ಅಟ್ಟದಲ್ಲಿ ನಿಲ್ಲುತ್ತೇವೆ, ನಮಗೇನೂ ಕೇಳಿಸಿಲ್ಲ" ಎಂದೆ.

"ಹಾಡ್ತಾ ಇರೋರಿಗೆ ಬೇರೆಯವರ ಹಾಡು ಕೇಳಿಸುತ್ತೇನೇ ಹುಡುಗಿ?" ಎಂದರು ಅಜ್ಜಿ. ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆಯತೊಡಗಿತು. ನಾವು ಮೂವರೂ ಮೇಲೇಳಲಿಲ್ಲ.

"ಇವತ್ತು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಹೋಗಲಿ ಅಂತ ಕಂಬದ ಹತ್ರ ನಿಂತಿದ್ದೆ, ಪ್ರತಿ ವಾರದ ಹಾಗೆ" ಎಂದರು ಅಜ್ಜಿ. ದನಿ ತೀರ ತಗ್ಗಿತ್ತು. "ತಾಳ ಬಿತ್ತು. ಇಥಮಾರ್ ಹೊರಟ. ನಡುದನಿಯವರು ಬಂದ್ರು, ಆಕ್ಸಾ ಬಂದಳು. ನಾನು ಹಲ್ಲು ಕಚ್ಚಿ, ತುಟಿ ಮೇಲೆ ಕೈ ಇಟ್ಕೊಂಡಿದ್ದೆ. ಒಂದು... ಎರಡು... ಮೂರು... ನಾಲ್ಕು. ತಾರ ಹಿಡೀತು."

"ಯಾರು?" ಎಂದಳು ಡ್ರುಸಿಲಾ.

"ನಾನು. ನನ್ನ ದನಿ ನನಗೆ ಗೊತ್ತಾಗಲ್ವೇನಮ್ಮಾ? ಹದಿನಾಲ್ಕು ವರ್ಷದ ದನಿ, ಅದೇ ಜಾಗದಲ್ಲಿ ಒಡೆದದ್ದೂ ಕೇಳಿಸ್ತು. ಕಾದು ಕಾದು ಅವರಿಗೆ ಸಾಕಾಗಿತ್ತೋ ಏನೋ, ಈ ಮುದಿ ಹೆಂಗಸನ್ನ ಇಲ್ಲೇ ಬಿಟ್ಟು ದನಿ ಒಂದನ್ನ ಕರ್ಕೊಂಡ್ರು. ನಾಲ್ಕೂ ಬೆಂಚು ಕೂಡಿ ಕೊನೆ ತನಕ ಹಾಡಿದ್ರು. ಒಂದು ತಪ್ಪಿಲ್ಲ. ಅಷ್ಟು ಚಂದ ನಾನು ಈ ಜನ್ಮದಲ್ಲಿ ಕೇಳಿಲ್ಲ. ಆಮೇಲೆ ಮೇಷ್ಟ್ರು 'ಇನ್ನೊಂದ್ಸಲ' ಅನ್ನಲಿ ಅಂತ ಕಾದೆ. ಅನ್ನಲಿಲ್ಲ. ಏನೂ ಇಲ್ಲ. ಬೆಂಚು ಕಿರಗುಟ್ಟಿದ್ವು, ಎಲ್ಲರೂ ಒಟ್ಟಿಗೆ ಅವರ ಕಡೆ ತಿರುಗಿದ ಹಾಗೆ."

ಗಂಟೆ ನಿಂತಿತು. ಪಾದ್ರಿಗಳು ತಡ ಸಹಿಸುವವರಲ್ಲ. ರಾಸ್ವೆಲ್ ಗೋಡೆಗೆ ಒರಗಿಸಿದ್ದ ಪಿಟೀಲನ್ನು ತೆಗೆದುಕೊಂಡ, ಆದರೆ ಬಾಗಿಲ ಕಡೆ ಹೆಜ್ಜೆ ಇಡಲಿಲ್ಲ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಹೋಗಿ, ಹಾಡಲೇಬೇಕಲ್ಲ. ಹಾಡೋವಾಗ ಬೆನ್ನ ಹಿಂದಿನಿಂದ ಯಾರಾದ್ರೂ 'ಮಾತೇನು?' ಅಂತ ಕೇಳಿದ್ರೆ ತಿರುಗಬೇಡಿ. ಉತ್ತರ ಕೊಡಬೇಡಿ, ಅವರ ಮಟ್ಟಿಗೆ ಕೂರೋ ಮಾತು ನಿಮ್ಮ ಹತ್ರಾನೂ ಇಲ್ಲ. ಅಣ್ಣ ಕೇಳಲ್ಲ, ಅವನಿಗೆ ನಾಚಿಕೆ. ಆಕ್ಸಾ ಒಂದೇ ಸಲ ಕೇಳಿ ಸುಮ್ಮನಾಗ್ತಾಳೆ. ಆದ್ರೆ ಆ ಹದಿನಾಲ್ಕು ವರ್ಷದ ತಾರದ ಹುಡುಗಿ ಇದ್ದಾಳಲ್ಲ... ಅವಳಿಗೆ ಚೀಟಿ ಖಾಲಿ ಅನ್ನೋದು ಗೊತ್ತಿಲ್ಲ ಕಣೇ. ಯಾರೂ ಹೇಳಿಲ್ಲ. ಅವಳು ಕೇಳ್ತಾನೇ ಇರ್ತಾಳೆ."